ಕಂಪನದ ಆಳ, ಕಟ್ಟಡದ ಎತ್ತರ

2016ರ ಆಗಸ್ಟ್ 24ರಂದು ಒಂದೇ ದಿನ ಎರಡು ದೇಶಗಳಲ್ಲಿ ಭೂಮಿ ನಡುಗಿತು. ಬೆಳಗಿನ ಜಾವ ಮಧ್ಯ ಇಟಲಿಯ ಅಮಾಟ್ರಿಚೆ ಪಟ್ಟಣದ ಸುತ್ತ 6.2 ಪರಿಮಾಣದ ಭೂಕಂಪ, ಸಂಜೆ ಮ್ಯಾನ್ಮಾರಿನ ಚೌಕ್ ಪಟ್ಟಣದ ಬಳಿ 6.8ರ ಭೂಕಂಪ. ಅಂಕಿಗಳ ಅಂತರ ಬರೀ 0.6. ಆದರೆ ಈ ಮಾಪನದಲ್ಲಿ ಅಷ್ಟು ಅಂತರವೆಂದರೆ ಹೊರಬೀಳುವ ಶಕ್ತಿ ಸುಮಾರು ಎಂಟು ಪಟ್ಟು. ಹೀಗಿದ್ದೂ ಎಂಟು ಪಟ್ಟು ಶಕ್ತಿಯ ಮ್ಯಾನ್ಮಾರ್ ಭೂಕಂಪದಲ್ಲಿ ಸತ್ತವರು ಬೆರಳೆಣಿಕೆಯಷ್ಟು ಮಂದಿ, ಇಟಲಿಯಲ್ಲಿ ಸುಮಾರು 300 ಮಂದಿ. ಮ್ಯಾನ್ಮಾರಿನಲ್ಲಿ ಹೆಚ್ಚು ಪೆಟ್ಟು ಬಿದ್ದದ್ದು ಬಗಾನ್‌ನ ಪುರಾತನ ಇಟ್ಟಿಗೆ ದೇವಾಲಯಗಳಿಗೆ. ಸುಮಾರು 400 ಗುಡಿಗಳ ಶಿಖರ, ಗೋಡೆ, ಕಮಾನುಗಳು ಜಖಂಗೊಂಡವು. ಇಟಲಿಯವರ ಮನೆಗಳು ಕಳಪೆ, ಮ್ಯಾನ್ಮಾರಿನವರ ಮನೆಗಳು ಗಟ್ಟಿ ಎಂದು ಇದನ್ನು ವಿವರಿಸಲಾಗದು. ಬಿದಿರು, ಮರದ ಹಗುರ ಮನೆಗಳು ಜೀವ ಉಳಿಸುತ್ತವೆ ಎಂಬುದು ನಿಜ, ಅದರ ಪಾಲೂ ಇಲ್ಲಿದೆ. ಆದರೆ ಮುಖ್ಯ ಕಾರಣ ಭೂಕಂಪ ಹುಟ್ಟಿದ ಆಳ. ಅಮಾಟ್ರಿಚೆಯದು ನೆಲದಡಿ 10 ಕಿ.ಮೀ.ಗಿಂತ ಕಡಿಮೆ ಆಳದಲ್ಲಿ ಹುಟ್ಟಿತ್ತು, ಚೌಕ್‌ನದು ಸುಮಾರು 84 ಕಿ.ಮೀ. ಆಳದಲ್ಲಿ. ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ ಕೋಲಾರದ ಚಿನ್ನದ ಗಣಿಗೆ ಹೆಚ್ಚುಕಡಿಮೆ ಇಷ್ಟೇ ದೂರ. ಆ ದಾರಿಯನ್ನು ನೆಟ್ಟಗೆ ಪಾತಾಳದ ಕಡೆಗೆ ತಿರುಗಿಸಿಟ್ಟರೆ ಎಷ್ಟು ಕೆಳಗೆ ಹೋಗುತ್ತದೋ ಅಷ್ಟು ಆಳ.

ಈ ಲೆಕ್ಕವನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಿ ನೋಡಬಹುದು. ಕಂಪನ 10 ಕಿ.ಮೀ. ಆಳದಲ್ಲಿ ಹುಟ್ಟಿದರೆ ಅದರ ನೆತ್ತಿಯ ಮೇಲಿರುವ ಊರಿಗೂ ಅದಕ್ಕೂ 10 ಕಿ.ಮೀ. ಅಂತರ. ಅಲ್ಲಿಂದ 50 ಕಿ.ಮೀ. ಆಚೆಯ ಊರಿಗೆ 51 ಕಿ.ಮೀ. ಅಂದರೆ ಮೊದಲ ಊರು ನೆಲಸಮವಾದರೂ ಎರಡನೆಯ ಊರು ಬಚಾವಾಗಬಹುದು. ಅದೇ ಕಂಪನ 84 ಕಿ.ಮೀ. ಆಳದ್ದಾದರೆ ನೆತ್ತಿಯ ಮೇಲಿನ ಊರಿಗೇ 84 ಕಿ.ಮೀ. ದೂರ, 50 ಕಿ.ಮೀ. ಆಚೆಯ ಊರಿಗೆ 98 ಕಿ.ಮೀ. ಎರಡು ಊರುಗಳಿಗೂ ಹೆಚ್ಚಿನ ಭೇದವಿಲ್ಲ. ಆಳದ ಭೂಕಂಪ ನೂರಾರು ಕಿ.ಮೀ. ಅಗಲಕ್ಕೆ ಹೆಚ್ಚುಕಡಿಮೆ ಸಮನಾಗಿ, ಆದರೆ ಸೌಮ್ಯವಾಗಿ ಅನುಭವಕ್ಕೆ ಬರುವುದು ಈ ಕಾರಣಕ್ಕೆ. ಚೌಕ್‌ನ ಕಂಪನವನ್ನು ಗುವಾಹಟಿ, ಕೋಲ್ಕತ್ತಾ, ಪಟ್ನಾಗಳ ಜನರೂ ಗುರುತಿಸಿದರು, ಹಲವರು ಕಟ್ಟಡ ಬಿಟ್ಟು ಹೊರಗೆ ಬಂದರು. ‘ಇಷ್ಟು ದೂರದವರೆಗೂ ಗೊತ್ತಾಯಿತಲ್ಲ, ಹಾಗಿದ್ದರೆ ಮೂಲದಲ್ಲಿ ಎಷ್ಟು ಘೋರವಾಗಿರಬೇಡ’ ಎಂಬ ಊಹೆ ಸಹಜ. ಆಳದ ಭೂಕಂಪಗಳ ವಿಷಯದಲ್ಲಿ ಆ ಊಹೆ ತಲೆಕೆಳಗಾಗುತ್ತದೆ. ಟಿವಿ ಪರದೆಯ ಮೇಲೂ ಫೋನಿನ ಸಂದೇಶದಲ್ಲೂ ಪರಿಮಾಣದ ಅಂಕಿ ದಪ್ಪಕ್ಷರದಲ್ಲಿ ಬರುತ್ತದೆ, ಆಳದ ಅಂಕಿ ಒಂದೋ ಸಣ್ಣಕ್ಷರದಲ್ಲಿ ಇರುತ್ತದೆ ಅಥವಾ ಇರುವುದೇ ಇಲ್ಲ. ಮೊದಲು ನೋಡಬೇಕಾದದ್ದು ಅದನ್ನು. ಬಳಿಕ ಅಲೆಯನ್ನು ಬರಮಾಡಿಕೊಳ್ಳುವ ಕಟ್ಟಡದ ಎತ್ತರವನ್ನು ನೋಡಬೇಕು. ವೈಟ್‌ಫೀಲ್ಡ್‌ನಂಥ ಊರಿನ ಅಪಾಯ ಯಾವುದು, ಯಾವುದಲ್ಲ ಎಂಬುದು ಈ ಎರಡನ್ನು ಕೂಡಿಸಿ ಓದಿದಾಗ ಮಾತ್ರ ತಿಳಿಯುತ್ತದೆ.

ಮ್ಯಾನ್ಮಾರಿನ ಆ ಭೂಕಂಪ ನಮಗೆ ಅಷ್ಟೇನೂ ಪರಕೀಯವಲ್ಲ. ಅಲ್ಲಿ 84 ಕಿ.ಮೀ. ಆಳದಲ್ಲಿ ಬಿರಿದದ್ದು ಭಾರತದ ಭೂಫಲಕ; ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳೆಲ್ಲ ನಿಂತಿರುವ ಫಲಕದ್ದೇ ಪೂರ್ವದ ಅಂಚು. ಆ ಅಂಚು ಬಂಗಾಳ ಕೊಲ್ಲಿಯ ಆಚೆ ಮ್ಯಾನ್ಮಾರಿನ ಅಡಿಗೆ ಓರೆಯಾಗಿ ಇಳಿದುಹೋಗಿದೆ. ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವ ಇಂಥ ಪ್ರದೇಶಗಳನ್ನು ಸಬ್‌ಡಕ್ಷನ್ ವಲಯ ಎನ್ನುತ್ತಾರೆ. ಅಂಡಮಾನ್, ಸುಮಾತ್ರಾ, ಜಾವಾಗಳ ಉದ್ದಕ್ಕೂ ಇದೇ ಸಾಲು ಮುಂದುವರಿಯುತ್ತದೆ. ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ವಿಪರೀತ. ಬಿರುಕಿನ ಎರಡು ಮಗ್ಗುಲು ಒಂದರ ಮೇಲೊಂದು ಸುಲಭವಾಗಿ ಜಾರುವಂತಿಲ್ಲ. ಹಾಗಿದ್ದೂ ಅಲ್ಲಿ ಭೂಕಂಪ ಹೇಗೆ ಎಂಬುದು ಬಹುಕಾಲ ಒಗಟಾಗಿತ್ತು. 1928ರಲ್ಲಿ ಜಪಾನಿನ ಕಿಯೂ ವಾದಾತಿ ನೂರಾರು ಕಿ.ಮೀ. ಆಳದ ಭೂಕಂಪಗಳಿವೆ ಎಂದು ಖಚಿತವಾಗಿ ತೋರಿಸಿದ ಮೇಲೂ ಕಾರಣ ಕೈಗೆ ಸಿಗಲಿಲ್ಲ. ಈಗ ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ ನೀರಿನದು. ಸಮುದ್ರದಡಿಯ ಬಂಡೆಯ ಖನಿಜಗಳಲ್ಲಿ ನೀರು ಸೇರಿಕೊಂಡಿರುತ್ತದೆ. ಫಲಕ ಕೆಳಗಿಳಿದಂತೆ ಕಾವೂ ಒತ್ತಡವೂ ಏರಿ ಆ ನೀರು ಖನಿಜದಿಂದ ಬಿಡುಗಡೆಯಾಗುತ್ತದೆ, ಬಂಡೆ ಪೆಡಸಾಗಿ ಒಡೆಯುತ್ತದೆ. ಇನ್ನೂ ಕೆಳಗೆ, 400 ಕಿ.ಮೀ. ದಾಟಿದ ಮೇಲೆ, ಖನಿಜದ ಹರಳುಗಳ ರಚನೆಯೇ ಬದಲಾಗುವಾಗ ಬಿರುಕು ಹುಟ್ಟುತ್ತದೆ ಎಂಬ ವಾದವಿದೆ. ಸುಮಾರು 700 ಕಿ.ಮೀ. ಆಚೆಗೆ ಭೂಕಂಪಗಳೇ ಇಲ್ಲ.

ಆಳವನ್ನು ಅಳೆಯುವ ಕೆಲಸದಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ ಎಂಬುದನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ. 1960ರ ದಶಕದ ಮಧ್ಯದಲ್ಲಿ ಗೌರಿಬಿದನೂರಿನ ಗಟ್ಟಿ ಕಲ್ಲುನೆಲದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರವು ಬ್ರಿಟನ್ನಿನ ಸಹಕಾರದೊಂದಿಗೆ ಭೂಕಂಪಮಾಪಕಗಳ ಒಂದು ವ್ಯೂಹವನ್ನೇ ನೆಟ್ಟಿತು. ಎಲ್ ಅಕ್ಷರದ ಆಕಾರದಲ್ಲಿ ಚಾಚಿದ ಎರಡು ತೋಳುಗಳ ಉದ್ದಕ್ಕೂ ಒಟ್ಟು 20 ಮಾಪಕಗಳು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾಗಳಲ್ಲಿರುವ ವ್ಯೂಹಗಳು ಇದರ ಒಡಹುಟ್ಟುಗಳು. ಉದ್ದೇಶ ನೆಲದಡಿಯ ಅಣುಸ್ಫೋಟಗಳನ್ನು ಪತ್ತೆಹಚ್ಚುವುದು. ಸ್ಫೋಟ ಯಾವುದು, ಭೂಕಂಪ ಯಾವುದು ಎಂದು ಬೇರ್ಪಡಿಸಲು ಇರುವ ಭರವಸೆಯ ದಾರಿಗಳಲ್ಲಿ ಒಂದು ಆಳ. ಮನುಷ್ಯ ಕೊರೆದಿರುವ ಅತಿ ಆಳದ ರಂಧ್ರ, ರಷ್ಯಾದ ಕೋಲಾದ್ದು, 12 ಕಿ.ಮೀ. ದಾಟಿ ಸ್ವಲ್ಪ ಹೋಗಿ ನಿಂತಿದೆ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ 3.2 ಕಿ.ಮೀ. ಹಾಗಾಗಿ 84 ಕಿ.ಮೀ. ಆಳದಿಂದ ಬಂದ ಅಲೆ ಸ್ಫೋಟದ್ದಾಗಿರಲು ಸಾಧ್ಯವೇ ಇಲ್ಲ. ಆಳ ಗೊತ್ತಾಗುವುದು ಹೀಗೆ: ಭೂಕಂಪದಿಂದ ಹೊರಟ ಮೊದಲ ಅಲೆ ನೇರವಾಗಿ ಮಾಪಕಕ್ಕೆ ಬರುತ್ತದೆ. ಮೇಲ್ಮುಖವಾಗಿ ಹೋದ ಇನ್ನೊಂದು ಅಲೆ ನೆಲದ ಮೇಲ್ಮೈಗೆ ಬಡಿದು ಪ್ರತಿಫಲಿಸಿ ಸ್ವಲ್ಪ ತಡವಾಗಿ ತಲುಪುತ್ತದೆ. ಕಂಪನ ಆಳದ್ದಾದಷ್ಟೂ ಈ ಎರಡರ ನಡುವಿನ ಸೆಕೆಂಡುಗಳು ಹೆಚ್ಚು. ಎಷ್ಟೋ ಸಾವಿರ ಕಿ.ಮೀ. ದೂರದ, ಯಾರ ಮನೆಯ ಪಾತ್ರೆಯನ್ನೂ ಅಲುಗಿಸದ ಅಲೆಯಿಂದ ಇಷ್ಟು ನಿಖರವಾದ ಸಂಗತಿ ಹೊರಡುತ್ತದೆ. ಅಳತೆ ಎಂಬುದರ ಘನತೆ ನನಗೆ ಕಾಣುವುದು ಇಲ್ಲಿ.

ಈಗ ಆಳವಿಲ್ಲದ ಭೂಕಂಪದ ಕಡೆ ನೋಡೋಣ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಬೀದರ್, ಕಲಬುರಗಿಗಳ ಗಡಿಯಾಚೆ, ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 6.2ರ ಭೂಕಂಪ ಹತ್ತು ಸಾವಿರದಷ್ಟು ಜನರ ಜೀವ ತೆಗೆಯಿತು. ಆಳ ಸುಮಾರು 10 ಕಿ.ಮೀ. ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಅಂದಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಎಂದರೆ ಅತಿ ಕಡಿಮೆ ಅಪಾಯದ ವಲಯದಲ್ಲಿ. ಬೆಂಗಳೂರು ಕೂಡ ಆಗ ಅದೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಲಾಯಿತು, ಬೆಂಗಳೂರು ಎರಡನೇ ವಲಯಕ್ಕೆ ಬಂತು. ‘ನಾವು ಸೇಫ್ ಝೋನಿನಲ್ಲಿದ್ದೇವೆ’ ಎಂಬ ಮಾತು ಫ್ಲ್ಯಾಟ್ ಮಾರುವವರ ಬಾಯಲ್ಲೂ ಕೊಳ್ಳುವವರ ಬಾಯಲ್ಲೂ ಇವತ್ತಿಗೂ ಓಡಾಡುತ್ತದೆ. ಆ ನಕ್ಷೆ ಹೇಳುವುದು ಹಿಂದೆ ಕಂಡದ್ದರ ಆಧಾರದ ಒಂದು ಅಂದಾಜನ್ನು. ಅದನ್ನು ಭರವಸೆಪತ್ರವೆಂದು ಓದಿದ್ದರ ಬೆಲೆಯನ್ನು ಕಿಲ್ಲಾರಿ ತೆತ್ತಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ಜಿ. ಸೀತಾರಾಂ ಮತ್ತು ಪಿ. ಅನ್ಬಳಗನ್ ಅವರು ಬೆಂಗಳೂರಿನ ನೆಲವನ್ನು ಅಧ್ಯಯನ ಮಾಡಿ, ಮಂಡ್ಯ–ಚನ್ನಪಟ್ಟಣ–ಬೆಂಗಳೂರು ರೇಖೆಯ ಮೇಲೆ 5.1 ಪರಿಮಾಣದ ಭೂಕಂಪ ಸಂಭವಿಸಬಹುದೆಂದು ಲೆಕ್ಕಹಾಕಿದ್ದರು. 5.1 ಎಂದರೆ ಓದುಗರು ಪುಟ ತಿರುಗಿಸಿಬಿಡುತ್ತಾರೆ. ನಗರಕ್ಕೆ ಹತ್ತಿರದಲ್ಲಿ, ಹತ್ತು ಕಿ.ಮೀ. ಆಳದಲ್ಲಿ ಅದು ಆದರೆ ಮ್ಯಾನ್ಮಾರಿನ 6.8ಕ್ಕಿಂತ ನಮಗೆ ಗಂಭೀರವಾದದ್ದು. ಇನ್ನೊಂದು ಮಾತು: ಆ ಅಧ್ಯಯನ ವ್ಯಾಪಿಸಿದ್ದು ಆಗಿನ ಮಹಾನಗರಪಾಲಿಕೆಯ ಸುಮಾರು 220 ಚದರ ಕಿ.ಮೀ. ಪ್ರದೇಶವನ್ನು. ಮಹದೇವಪುರ ನಗರಸಭೆ ಪಾಲಿಕೆಗೆ ಸೇರಿದ್ದು 2007ರಲ್ಲಿ. ಗೋಪುರಗಳು ಒತ್ತೊತ್ತಾಗಿ ಎದ್ದ ವೈಟ್‌ಫೀಲ್ಡ್ ಆ ಗಡಿಯ ಹೊರಗಿತ್ತು.

ಇನ್ನು ದೂರದ, ದೊಡ್ಡ ಭೂಕಂಪಗಳು. 2012ರ ಏಪ್ರಿಲ್ 11, ಬುಧವಾರ ಮಧ್ಯಾಹ್ನ, ಸುಮಾತ್ರಾದ ಪಶ್ಚಿಮಕ್ಕೆ ಸಮುದ್ರದಡಿಯಲ್ಲಿ 8.6ರ ಭೂಕಂಪವಾಯಿತು. ಬೆಂಗಳೂರಿನ ಎಷ್ಟೋ ಕಚೇರಿಗಳಿಂದ ಜನ ಮೆಟ್ಟಿಲಿಳಿದು ಹೊರಗೆ ಬಂದು ನಿಂತರು. ಬೆಂಗಳೂರಿನಿಂದ ಆ ಜಾಗ ಸುಮಾರು 2,000 ಕಿ.ಮೀ. ಚೌಕ್ ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ವ್ಯತ್ಯಾಸ ಎರಡು. 8.6ರ ಶಕ್ತಿ 6.8ರದ್ದಕ್ಕಿಂತ ಸುಮಾರು 500 ಪಟ್ಟು, ಇದು ಮೊದಲನೆಯದು. ಎರಡನೆಯದು, ಅದು ಹುಟ್ಟಿದ್ದು ಬರೀ 20 ಕಿ.ಮೀ. ಆಸುಪಾಸಿನಲ್ಲಿ. ಮೇಲ್ಪದರದ ದೊಡ್ಡ ಭೂಕಂಪಗಳು ನೆಲದ ಮೇಲ್ಮೈಯನ್ನೇ ಹಿಡಿದು ಸಾಗುವ ಅಲೆಗಳನ್ನು ಎಬ್ಬಿಸುತ್ತವೆ. ಆಳದವು ಅವನ್ನು ಎಬ್ಬಿಸುವುದು ತೀರಾ ಕಡಿಮೆ. ಈ ಮೇಲ್ಮೈ ಅಲೆಗಳು ನಿಧಾನದವು, ಒಂದು ತೂಗಾಟಕ್ಕೆ ಹಲವು ಸೆಕೆಂಡು, ಬಹುದೂರ ಹೋದರೂ ಪೂರ್ತಿ ಸಾಯದವು. ನೆಲದ ಮೇಲೆ ನಿಂತವರಿಗೆ ಅವು ಗೊತ್ತೇ ಆಗದಿರಬಹುದು. ಎತ್ತರದ ಕಟ್ಟಡಕ್ಕೆ ಗೊತ್ತಾಗುತ್ತದೆ. ಪ್ರತಿ ಕಟ್ಟಡಕ್ಕೂ ತನ್ನದೇ ಆದ ಒಂದು ತೂಗಾಟದ ಅವಧಿ ಉಂಟು. ನಮ್ಮ ಭೂಕಂಪ ಸಂಹಿತೆಯ ಒಂದು ಸೂತ್ರ ಹಿಡಿದು ಲೆಕ್ಕ ಹಾಕಿದರೆ, 12 ಮೀಟರ್ ಎತ್ತರದ ಕಾಂಕ್ರೀಟ್ ಚೌಕಟ್ಟಿನದು ಅರ್ಧ ಸೆಕೆಂಡು, 30 ಮೀಟರಿನದು ಒಂದು ಸೆಕೆಂಡಿನ ಆಸುಪಾಸು, 100 ಮೀಟರಿನದು ಸುಮಾರು 2.4 ಸೆಕೆಂಡು. ಎತ್ತರ ಹೆಚ್ಚಿದಷ್ಟೂ ಕಟ್ಟಡದ ಲಯ ನಿಧಾನದ ಅಲೆಗಳ ಲಯಕ್ಕೆ ಹತ್ತಿರವಾಗುತ್ತದೆ. ಹೆಂಚಿನ ಮನೆಗಳ, ಹಣ್ಣಿನ ತೋಟಗಳ ಹಳೆಯ ವೈಟ್‌ಫೀಲ್ಡ್‌ಗೆ ಸುಮಾತ್ರಾ ಏನೂ ಆಗಬೇಕಿರಲಿಲ್ಲ. ಇಂದಿನ ವೈಟ್‌ಫೀಲ್ಡ್ ಎತ್ತರಕ್ಕೆ ಬೆಳೆದು ಸುಮಾತ್ರಾಗೆ ನೆರೆಯಾಗಿದೆ.

ದೂರ ರಕ್ಷಿಸುತ್ತದೆ ಎಂಬ ನಂಬಿಕೆಗೆ ಪೆಟ್ಟುಕೊಟ್ಟ ಉದಾಹರಣೆಗಳು ಕಡಿಮೆಯೇನಿಲ್ಲ. 2011ರ ಮಾರ್ಚ್‌ನಲ್ಲಿ ಜಪಾನಿನ ತೋಹೋಕು ಭೂಕಂಪವಾದಾಗ 700 ಕಿ.ಮೀ.ಗೂ ಆಚೆ, ಒಸಾಕಾದ ಸಾಕಿಶಿಮಾದಲ್ಲಿ 256 ಮೀಟರ್ ಎತ್ತರದ 55 ಮಹಡಿಯ ಸರ್ಕಾರಿ ಕಟ್ಟಡ ಹತ್ತು ನಿಮಿಷದಷ್ಟು ಕಾಲ ತೂಗಾಡಿತು. ತುದಿ ಒಂದೊಂದು ಪಕ್ಕಕ್ಕೂ ಮೀಟರಿಗಿಂತ ಹೆಚ್ಚು ವಾಲಿತು. ಒಳಛಾವಣಿ, ಗೋಡೆಗಳು ನೂರಾರು ಕಡೆ ಹಾಳಾದವು, ಜನ ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಕೆಳಗೆ ರಸ್ತೆಯಲ್ಲಿ ಕಂಪನ ಸಾಧಾರಣವಾಗಿತ್ತು. 2025ರ ಮಾರ್ಚ್ 28ರಂದು ಅದೇ ಮ್ಯಾನ್ಮಾರಿನಲ್ಲಿ, ಈ ಬಾರಿ ಬರೀ 10 ಕಿ.ಮೀ. ಆಳದಲ್ಲಿ, 7.7ರ ಭೂಕಂಪವಾಗಿ 3,500ಕ್ಕೂ ಹೆಚ್ಚು ಮಂದಿ ಸತ್ತರು. ಸುಮಾರು 1,000 ಕಿ.ಮೀ. ದೂರದ ಬ್ಯಾಂಕಾಕ್‌ನಲ್ಲಿ ನಿರ್ಮಾಣ ಹಂತದಲ್ಲಿದ್ದ 30ಕ್ಕೂ ಹೆಚ್ಚು ಮಹಡಿಯ ಲೆಕ್ಕಪರಿಶೋಧನಾ ಕಚೇರಿ ಕಟ್ಟಡ ಕುಸಿದುಬಿತ್ತು. ಇಲ್ಲಿ ಪ್ರಾಮಾಣಿಕವಾಗಿ ಸೇರಿಸಬೇಕಾದ ಒಂದು ಅಪವಾದವೂ ಇದೆ. 2015ರ ಮೇ 30ರಂದು ಜಪಾನಿನ ಬೋನಿನ್ ದ್ವೀಪಗಳ ಅಡಿ, 650 ಕಿ.ಮೀ.ಗೂ ಹೆಚ್ಚು ಆಳದಲ್ಲಿ, 7.9ರಷ್ಟು ದೊಡ್ಡ ಭೂಕಂಪವಾಯಿತು. ಜಪಾನಿನ 47 ಪ್ರಾಂತಗಳಲ್ಲೂ ಅದು ಅನುಭವಕ್ಕೆ ಬಂತು. ಸಾವು ಸಂಭವಿಸಲಿಲ್ಲ, ಆದರೆ ಟೋಕಿಯೊ ಸುತ್ತಮುತ್ತ ಸಾವಿರಾರು ಲಿಫ್ಟುಗಳು ನಿಂತುಹೋದವು. ಆಳ ಜೀವ ಉಳಿಸಿದರೂ ಎತ್ತರದಲ್ಲಿ ಬದುಕುವವರನ್ನು ತೊಂದರೆಯಿಂದ ಪೂರ್ತಿ ಬಿಡಿಸುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಬ್ಯಾಂಕಾಕ್ ನಿಂತಿರುವುದು ಮೆತ್ತನೆಯ ಜೇಡಿನ ಮೇಲೆ, ಒಸಾಕಾದ್ದೂ ಆಳವಾದ ಮೆಕ್ಕಲು. ಅಂಥ ನೆಲ ನಿಧಾನದ ಅಲೆಗಳನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ಬೆಂಗಳೂರಿನ ಅಡಿ ಇರುವುದು ಜಗತ್ತಿನ ಅತಿ ಹಳೆಯ ಶಿಲೆಗಳಲ್ಲಿ ಒಂದಾದ ನೈಸ್. ಹಾಗಾಗಿ ಬ್ಯಾಂಕಾಕ್‌ನ ಕಥೆ ಇಲ್ಲಿ ಮರುಕಳಿಸುತ್ತದೆ ಎಂದು ಹೇಳುವುದು ಜನರನ್ನು ವೃಥಾ ಹೆದರಿಸಿದಂತೆ. ನಾನು ಹಾಗೆ ಹೇಳುತ್ತಿಲ್ಲ. ಆದರೆ ಬಂಡೆ ಎಷ್ಟು ಹಳೆಯದೋ ಅಷ್ಟು ತಣ್ಣಗೆ, ಅಖಂಡವಾಗಿರುತ್ತದೆ; ಅಂಥ ಬಂಡೆಯಲ್ಲಿ ಅಲೆ ಬೇಗ ಸೊರಗುವುದಿಲ್ಲ, ದೂರ ಸಾಗುತ್ತದೆ. ಅಲ್ಲದೆ ವೈಟ್‌ಫೀಲ್ಡ್‌ನ ಎಲ್ಲ ನಿವೇಶನಗಳೂ ಬಂಡೆಯ ಮೇಲಿಲ್ಲ. ಇದು ಕೆರೆಗಳ ಸೀಮೆ. ವರ್ತೂರು, ಹೂಡಿ, ನಲ್ಲೂರಹಳ್ಳಿ, ಶೀಲವಂತನಕೆರೆ ಎಂದು ಹೆಸರುಗಳೇ ನೆಲದ ಚರಿತ್ರೆ ಹೇಳುತ್ತವೆ. ಕೆರೆಯಂಗಳ, ರಾಜಕಾಲುವೆಯ ಅಂಚು, ಮಣ್ಣು ತುಂಬಿ ಎತ್ತರಿಸಿದ ತಗ್ಗುಗಳಲ್ಲಿ ಎಷ್ಟು ಮೀಟರ್ ಕೆಳಗೆ ಬಂಡೆ ಸಿಗುತ್ತದೆ ಎಂಬುದು ಒಂದು ಸೈಟಿನಿಂದ ಪಕ್ಕದ ಸೈಟಿಗೇ ಬದಲಾಗುತ್ತದೆ. ನಗರದ ಸರಾಸರಿ ಒಂದು ಕಟ್ಟಡದ ಅಡಿಪಾಯಕ್ಕೆ ಉತ್ತರವಾಗದು.

ಎರಡನೆಯ ಆಕ್ಷೇಪ ಎಂಜಿನಿಯರುಗಳದು. ಎತ್ತರದ ಕಟ್ಟಡವನ್ನು ಗಾಳಿಯ ಹೊಡೆತಕ್ಕೆ ತಕ್ಕಂತೆ ವಿನ್ಯಾಸ ಮಾಡಿರುತ್ತೇವೆ, ಎರಡನೇ ವಲಯದಲ್ಲಿ ಭೂಕಂಪದ ಬಲಕ್ಕಿಂತ ಗಾಳಿಯ ಬಲವೇ ದೊಡ್ಡದು, ಆ ಗಟ್ಟಿತನವೇ ಭೂಕಂಪಕ್ಕೂ ಸಾಕಾಗುತ್ತದೆ ಎಂದು ಅವರು ಹೇಳುತ್ತಾರೆ. ಬಹುಮಟ್ಟಿಗೆ ಸರಿ. ಆದರೆ ಬೆಂಗಳೂರಿಗೆ ಸಂಹಿತೆ ಗೊತ್ತುಮಾಡಿದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ದೇಶದಲ್ಲೇ ಅತಿ ಕಡಿಮೆ. ಚೆನ್ನೈಗೆ 50. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಚೆನ್ನೈನ ಕಟ್ಟಡಕ್ಕೆ ಸಿಗುವ ಈ ಪರೋಕ್ಷ ರಕ್ಷಣೆ ನಮ್ಮದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಜೊತೆಗೆ ಸಂಹಿತೆಯ ಪ್ರಕಾರ ಕಟ್ಟಡ ಎತ್ತರವಾದಂತೆ ಅದರ ತೂಕಕ್ಕೆ ಹೋಲಿಸಿ ಲೆಕ್ಕ ಹಿಡಿಯುವ ಭೂಕಂಪದ ಬಲ ಇಳಿಯುತ್ತಾ ಹೋಗುತ್ತದೆ. ಇದರಿಂದ ಗೋಪುರ ಉರುಳುತ್ತದೆ ಎಂದೇನೂ ಅರ್ಥವಲ್ಲ. ಗಾಜಿನ ಹೊದಿಕೆ, ಒಳಛಾವಣಿ, ಲಿಫ್ಟಿನ ಹಳಿ, ತಾರಸಿಯ ನೀರಿನ ಟ್ಯಾಂಕು, ಸಾವಿರಾರು ಜನ ಒಟ್ಟಿಗೆ ನುಗ್ಗುವ ಮೆಟ್ಟಿಲು ಇವೆಲ್ಲ ಬೇರೆಯೇ ಪ್ರಶ್ನೆಗಳು, ಚೌಕಟ್ಟು ಗಟ್ಟಿಯಾಗಿದ್ದ ಮಾತ್ರಕ್ಕೆ ಇವು ಬಗೆಹರಿಯುವುದಿಲ್ಲ. ಗೋಪುರಗಳ ನೆರಳಿನಲ್ಲಿ ತರ್ಟಿ ಫಾರ್ಟಿ ಸೈಟುಗಳಲ್ಲಿ ಎದ್ದಿರುವ ನಾಲ್ಕೈದು ಮಹಡಿಯ ಪಿಜಿಗಳ ಪ್ರಶ್ನೆ ಇನ್ನೂ ಕಠಿಣ. ಕೆಳಗೆ ಪಾರ್ಕಿಂಗಿಗೆಂದು ಬರೀ ಕಂಬ, ಮೇಲೆ ಗೋಡೆ ತುಂಬಿದ ಮಹಡಿಗಳು. 2001ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಕುಸಿದ ಹತ್ತಾರು ಕಟ್ಟಡಗಳಲ್ಲಿ ಇಂಥವು ಎದ್ದುಕಂಡವು. ಇವಕ್ಕೆ ಅಪಾಯ ಸುಮಾತ್ರಾದಿಂದಲ್ಲ, ಹತ್ತಿರದ ಮೇಲ್ಪದರದ ಕಂಪನದಿಂದ.

ಹಾಗಿದ್ದರೆ ಮಾಡಬೇಕಾದದ್ದೇನು? ಅಳೆಯಬೇಕು. 2020ರ ಮೇ 20ರ ಮಧ್ಯಾಹ್ನ ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ದೊಡ್ಡ ಸದ್ದೊಂದು ಕೇಳಿ ಕಿಟಕಿಗಳು ಅದುರಿದಾಗ ಭೂಕಂಪವೆಂದೇ ಎಲ್ಲರೂ ಮಾತಾಡಿಕೊಂಡರು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತನ್ನ ಮಾಪಕಗಳಲ್ಲಿ ಯಾವ ಕಂಪನವೂ ದಾಖಲಾಗಿಲ್ಲ ಎಂದಿತು. ಅದು ವಾಯುಪಡೆಯ ಪರೀಕ್ಷಾ ಹಾರಾಟದ ಸದ್ದೆಂದು ಆಮೇಲೆ ಅಧಿಕೃತವಾಗಿ ತಿಳಿಯಿತು. ನೆಲದಲ್ಲಿ ಮಾಪಕ ಇದ್ದದ್ದರಿಂದ ನೆಲದ ಬಗ್ಗೆ ಉತ್ತರ ಸಿಕ್ಕಿತು. ಕಟ್ಟಡದ ಬಗ್ಗೆ ಉತ್ತರ ಬೇಕಾದರೆ ಮಾಪಕ ಕಟ್ಟಡದಲ್ಲಿರಬೇಕು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಒಂಬತ್ತು ಮಹಡಿಯ ಮಿಲ್ಲಿಕನ್ ಗ್ರಂಥಾಲಯವನ್ನು 1960ರ ದಶಕದಿಂದಲೇ ಹೀಗೆ ಅಳೆಯುತ್ತ ಬಂದಿದ್ದಾರೆ. 1971ರ ಸ್ಯಾನ್ ಫರ್ನಾಂಡೊ ಭೂಕಂಪದ ನಂತರ ಅದರ ತೂಗಾಟದ ಅವಧಿ ಮೊದಲಿಗಿಂತ ಉದ್ದವಾದದ್ದು ಹಾಗೆ ಕಂಡುಬಂತು. ಅವಧಿ ಉದ್ದವಾಯಿತೆಂದರೆ ಕಟ್ಟಡದ ಬಿಗಿ ಸಡಿಲವಾಗಿದೆ ಎಂದರ್ಥ, ಕಣ್ಣಿಗೆ ಒಂದೂ ಬಿರುಕು ಕಾಣದಿದ್ದರೂ ಕೂಡ. ಈ ಮೂಲ ಅಳತೆಗೆ ಭೂಕಂಪವೇ ಬೇಕೆಂದಿಲ್ಲ. ಗಾಳಿಗೆ, ರಸ್ತೆಯ ವಾಹನಗಳಿಗೆ ಕಟ್ಟಡ ಸದಾ ಸೂಕ್ಷ್ಮವಾಗಿ ಅಲುಗುತ್ತಿರುತ್ತದೆ. ತಾರಸಿಯಲ್ಲಿ, ನಡುಮಹಡಿಯಲ್ಲಿ, ತಳದಲ್ಲಿ ಒಂದೊಂದು ವೇಗೋತ್ಕರ್ಷ ಮಾಪಕ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದರ ಸಹಜ ಲಯ ಸಿಗುತ್ತದೆ. ದೂರದ ಭೂಕಂಪ ಬಂದು ಹೋದ ಮೇಲೆ ಮತ್ತೆ ಅಳೆದು ಹೋಲಿಸಿದರಾಯಿತು.

ಇದರ ಖರ್ಚು ಯಾರದು ಎಂಬುದು ಮುಂದಿನ ಪ್ರಶ್ನೆ. ಸೆನ್ಸರು, ಸಾಫ್ಟ್‌ವೇರು, ಅಂಕಿಅಂಶಗಳ ವಿಶ್ಲೇಷಣೆ ಇವೇ ದಿನನಿತ್ಯದ ಕಸುಬಾಗಿರುವ ಊರಿನಲ್ಲಿ ಇದು ಕೈಗೆಟುಕದ ಮಾತೇನಲ್ಲ. ನೂರಾರು ಮನೆಗಳ ಸಮುಚ್ಚಯಕ್ಕೆ ಸಿಸಿಟಿವಿ, ಗೇಟಿನ ಆ್ಯಪ್‌ಗಳ ಜೊತೆ ಸೇರಿಸಿ ಹಂಚಿಕೊಳ್ಳಬಹುದಾದ ವೆಚ್ಚ. ನಿಜವಾದ ಅಡ್ಡಿ ಇರುವುದು ಬೇರೆ ಕಡೆ. ನಿವಾಸಿಗಳ ಸಂಘದ ಸಭೆಯಲ್ಲಿ ಯಾರಾದರೂ ಈ ಮಾತೆತ್ತಿದರೆ ‘ನಮ್ಮ ಕಟ್ಟಡದಲ್ಲಿ ಏನೋ ದೋಷವಿದೆ ಎಂದು ಸುದ್ದಿಯಾದರೆ ಫ್ಲ್ಯಾಟಿನ ಬೆಲೆ ಬೀಳುವುದಿಲ್ಲವೇ’ ಎಂಬ ಪ್ರಶ್ನೆ ಏಳುತ್ತದೆ. ಸಾಲ ಮಾಡಿ ಮನೆ ಕೊಂಡವರ ಆ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಆದ್ದರಿಂದಲೇ ಅಳತೆಯನ್ನು ಒಂದೆರಡು ಕಟ್ಟಡಗಳ ಸ್ವಂತ ಸಾಹಸಕ್ಕೆ ಬಿಡಬಾರದು. 50 ಮೀಟರಿಗಿಂತ ಎತ್ತರದ ಪ್ರತಿ ಕಟ್ಟಡಕ್ಕೂ ಸ್ವಾಧೀನಾನುಭವ ಪತ್ರ (ಓಸಿ) ಕೊಡುವಾಗ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ, ಲಿಫ್ಟಿನ ಪರವಾನಗಿಗಳ ಜೊತೆಗೆ, ಆ ಕಟ್ಟಡದ ತೂಗಾಟದ ಅವಧಿಯನ್ನು ಅಳೆದು ಕಡತಕ್ಕೆ ಸೇರಿಸುವುದನ್ನು ಕಡ್ಡಾಯ ಮಾಡಬೇಕು. ಎಲ್ಲರದ್ದೂ ಅಳತೆಯಾದರೆ ಯಾರೊಬ್ಬರ ಮೇಲೂ ಅನುಮಾನದ ನೆರಳು ಬೀಳುವುದಿಲ್ಲ, ಬಿಲ್ಡರ್ ಹಸ್ತಾಂತರಿಸುವ ನಕ್ಷೆಗಳ ಕಟ್ಟಿನಲ್ಲಿ ಇನ್ನೊಂದು ಹಾಳೆ ಸೇರುತ್ತದೆ ಅಷ್ಟೆ. ಇದರ ಜೊತೆಗೆ ರಾಜ್ಯದ ವಿಕೋಪ ಕೇಂದ್ರವು ಕಂಪನದ ಬಳಿಕ ಸಾರ್ವಜನಿಕರಿಂದ ಮಾಹಿತಿ ಪಡೆಯುವಾಗ ಬಡಾವಣೆಯ ಹೆಸರಿನ ಜೊತೆ ಎಷ್ಟನೇ ಮಹಡಿ, ಕಟ್ಟಡ ಒಟ್ಟು ಎಷ್ಟು ಮಹಡಿಯದು ಎಂಬ ಎರಡು ಪ್ರಶ್ನೆಗಳನ್ನೂ ಕೇಳಬೇಕು. 2012ರಲ್ಲಿ ಮೆಟ್ಟಿಲಿಳಿದು ಬಂದವರನ್ನು ಈ ಎರಡು ಪ್ರಶ್ನೆ ಕೇಳಿ ಬರೆದಿಟ್ಟಿದ್ದರೆ, ಬೆಂಗಳೂರಿನ ಯಾವ ಎತ್ತರದ ಕಟ್ಟಡಗಳು ಸುಮಾತ್ರಾದ ಅಲೆಗೆ ಹೆಚ್ಚು ಓಗೊಡುತ್ತವೆ ಎಂಬ ಪಟ್ಟಿ ಇಂದು ನಮ್ಮ ವಿನ್ಯಾಸಕಾರರ ಮೇಜಿನ ಮೇಲೆ ಇರಬಹುದಿತ್ತು.